ಹುಲ್ಲು ಕತ್ತರಿಸುವ ಹಳೆ ಟ್ರ್ಯಾಕ್ಟರ್‌ನ ಲೊಡಲೊಡ ಸ್ಟಿಯರಿಂಗ್: ಮೊದಲು ಹುಡುಕಿ, ಆಮೇಲೆ ಬಿಚ್ಚಿ

ನಾವಿರುವುದು ನಾರ್ತ್ ಕ್ಯಾರೊಲಿನಾದಲ್ಲಿ. ಮುಕ್ಕಾಲು ಎಕರೆ ಜಾಗ, ಅದರಲ್ಲಿ ಮನೆ ಬಿಟ್ಟರೆ ಉಳಿದದ್ದೆಲ್ಲ ಹುಲ್ಲು. ಇಲ್ಲಿನವರು ಬರ್ಮುಡಾ ಗ್ರಾಸ್ ಅಂತ ಕರೆದು ದುಡ್ಡು ಕೊಟ್ಟು ಬೆಳೆಸುವುದು ನಮ್ಮ ಗರಿಕೆಯನ್ನೇ. ಊರಲ್ಲಿ ಗಣೇಶನ ಹಬ್ಬಕ್ಕೆ ಇಪ್ಪತ್ತೊಂದು ಎಸಳು ಕಿತ್ತರೆ ಮುಗೀತು. ಇಲ್ಲಿ ಬೇಸಿಗೆ ಪೂರ್ತಿ ವಾರಕ್ಕೊಮ್ಮೆ ಕತ್ತರಿಸಬೇಕು.

ಅದಕ್ಕಂತ ಕೂತು ಓಡಿಸುವ ಹಳೆಯ ಮೋವರ್ ಒಂದನ್ನು ಪಕ್ಕದ ಬೀದಿಯವರಿಂದ ತಗೊಂಡೆ. ಎಂಜಿನ್ ಗಟ್ಟಿಮುಟ್ಟು. ಸ್ಟಿಯರಿಂಗ್ ಮಾತ್ರ ಲೊಡಲೊಡ. ಚಕ್ರ ಅಲುಗಾಡುವ ಮೊದಲು ಕೈಯಲ್ಲಿನ ಸ್ಟಿಯರಿಂಗ್ ನಾಲ್ಕು ಇಂಚು ಸುಮ್ನೆ ತಿರುಗುತ್ತಿತ್ತು. ಈ ಸಡಿಲಕ್ಕೇ ಪ್ಲೇ ಅನ್ನುತ್ತಾರೆ. ನಾನು ನೇರವಾಗಿ ಗಿಯರೇ ಹೋಗಿದೆ ಅಂದುಕೊಂಡೆ. ಹೊಸ ಗಿಯರ್ ತರಿಸಿ, ಒಂದು ಶನಿವಾರ ಪೂರ್ತಿ ನೆಲದಲ್ಲಿ ಮಲಗಿ ಹಾಕಿದೆ. ನಾಲ್ಕು ಇಂಚು ಇದ್ದದ್ದು ಮೂರಾಯಿತು. ನಿಜವಾದ ಕಳ್ಳ ಬೇರೆ ಕಡೆ ಕೂತಿದ್ದ. ಈ ಬರಹದಲ್ಲಿ ಬಿಚ್ಚುವುದಕ್ಕಿಂತ ಹುಡುಕುವುದಕ್ಕೆ ಜಾಸ್ತಿ ಜಾಗ ಕೊಟ್ಟಿರುವುದು ಅದಕ್ಕೇ.

ಒಳಗೆ ಏನೇನಿದೆ

ಈ ಮೋವರ್‌ಗಳ ಸ್ಟಿಯರಿಂಗ್ ಕಾರಿನದಕ್ಕಿಂತ ತುಂಬಾ ಸರಳ. ಸ್ಟಿಯರಿಂಗ್ ವೀಲ್‌ನಿಂದ ಒಂದು ಉದ್ದನೆಯ ಶಾಫ್ಟ್ ಕೆಳಗಿಳಿಯುತ್ತದೆ. ಅದರ ತುದಿಯಲ್ಲಿ ಪಿನಿಯನ್ ಎಂಬ ಪುಟ್ಟ ಗಿಯರ್. ಅದು ಸೆಕ್ಟರ್ ಗಿಯರ್ ಎಂಬ ದಪ್ಪ ತಗಡಿನ ಗಿಯರನ್ನು ತಿರುಗಿಸುತ್ತದೆ. ಹೋಳಿಗೆಯನ್ನು ನಾಲ್ಕು ಭಾಗ ಮಾಡಿದರೆ ಸಿಗುವ ಒಂದು ತುಂಡನ್ನು ನೆನಪಿಸಿಕೊಳ್ಳಿ, ಸೆಕ್ಟರ್ ಗಿಯರ್ ಹೆಚ್ಚುಕಡಿಮೆ ಹಾಗೇ ಇರುತ್ತದೆ. ದುಂಡನೆಯ ಅಂಚಿನಲ್ಲಿ ಹಲ್ಲುಗಳು, ಚೂಪು ತುದಿಯ ಹತ್ತಿರ ತಿರುಗುವ ಬೋಲ್ಟ್.

ಸೆಕ್ಟರ್‌ನಿಂದ ಡ್ರ್ಯಾಗ್ ಲಿಂಕ್ ಅನ್ನುವ ಸರಳು ಮುಂದಕ್ಕೆ ಹೋಗಿ ಒಂದು ಚಕ್ರವನ್ನು ಎಳೆಯುತ್ತದೆ. ಎರಡೂ ಚಕ್ರಗಳನ್ನು ಜೋಡಿಸುವುದು ಟೈ ರಾಡ್. ಕೆಲವು ಮಾದರಿಗಳಲ್ಲಿ ಟೈ ರಾಡ್ ಇರುವುದಿಲ್ಲ, ಎರಡು ಚಕ್ರಕ್ಕೂ ಒಂದೊಂದು ಡ್ರ್ಯಾಗ್ ಲಿಂಕ್ ಇರುತ್ತದೆ. ಚಕ್ರ ಕೂರುವ ಎಲ್ ಆಕಾರದ ಕಂಬಿಗೆ ಸ್ಪಿಂಡಲ್ ಅನ್ನುತ್ತಾರೆ. ಅದು ಮುಂದಿನ ಆಕ್ಸಲ್‌ನ ತೂತಿನಲ್ಲಿ, ಬುಷ್ ಎಂಬ ಸಣ್ಣ ಕೊಳವೆಯ ಒಳಗೆ ತಿರುಗುತ್ತದೆ. ಆಕ್ಸಲ್ ತಾನೇ ಮಧ್ಯದ ಒಂದು ಪಿನ್ ಮೇಲೆ ತಕ್ಕಡಿಯ ದಂಡದ ಹಾಗೆ ಓಲಾಡುತ್ತದೆ.

ಎಣಿಸಿ ನೋಡಿ: ಶಾಫ್ಟ್ ಬುಷ್, ಪಿನಿಯನ್, ಸೆಕ್ಟರ್, ಲಿಂಕ್‌ನ ಎರಡು ತುದಿ, ಟೈ ರಾಡ್‌ನ ಎರಡು ತುದಿ, ಎರಡು ಸ್ಪಿಂಡಲ್, ಮಧ್ಯದ ಪಿನ್. ಒಂದೊಂದರಲ್ಲೂ ಕೂದಲೆಳೆಯಷ್ಟು ಸವೆತ ಇದ್ದರೂ ಸಾಕು. ಅದೆಲ್ಲ ಕೂಡಿಕೊಂಡು ಸ್ಟಿಯರಿಂಗ್ ವೀಲ್‌ನ ಅಂಚಿಗೆ ಬರುವಷ್ಟರಲ್ಲಿ ಇಂಚುಗಟ್ಟಲೆ ಆಗಿರುತ್ತದೆ.

ನಿಮ್ಮದು ನಿಜಕ್ಕೂ ಹಳೆಯದಾಗಿದ್ದರೆ, ಅಂದರೆ 1961ರಲ್ಲಿ ಬಂದ ಮೊದಲ ಕಬ್ ಕೆಡೆಟ್ ಕಾಲದ ಗಾರ್ಡನ್ ಟ್ರ್ಯಾಕ್ಟರ್ ಆಗಿದ್ದರೆ, ಸೆಕ್ಟರ್ ಬದಲು ಕ್ಯಾಮ್ ಮತ್ತು ಲಿವರ್ ಇರುವ ಒಂದು ಡಬ್ಬಿ ಇರಬಹುದು. ಅದರಲ್ಲಿ ಪ್ಲೇ ಕಡಿಮೆ ಮಾಡಲು ಹೊಂದಿಸುವ ಬೋಲ್ಟ್ ಮತ್ತು ಲಾಕ್ ನಟ್ ಇರುತ್ತವೆ. ಚಕ್ರ ನೇರ ಇಟ್ಟು ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಆಮೇಲೆ ಎರಡೂ ಬದಿಗೆ ಪೂರ್ತಿ ತಿರುಗಿಸಿ, ಎಲ್ಲೂ ಹಿಡಿಯುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಮುಂದೆ ನಾನು ಹೇಳುವ ಗಿಯರ್ ಕೆಲಸ ತಗಡಿನ ಸೆಕ್ಟರ್ ಇರುವ ಮೋವರ್‌ಗೆ. ಚಕ್ರ, ಬುಷ್, ಲಿಂಕ್ ವಿಷಯ ಎರಡಕ್ಕೂ ಒಂದೇ.

ಶುರು ಮಾಡುವ ಮೊದಲು

ಎಂಜಿನ್ ತಣ್ಣಗಾಗಲಿ. ಕೀ ತೆಗೆದು ಜೇಬಿಗೆ ಹಾಕಿ. ಸ್ಪಾರ್ಕ್ ಪ್ಲಗ್ ವಯರ್ ಎಳೆದು ದೂರ ಇಡಿ, ಬ್ಯಾಟರಿಯ ಮೈನಸ್ ಕಡೆ ಬಿಚ್ಚಿ. ಗಟ್ಟಿ, ಸಮತಟ್ಟಾದ ನೆಲ ಬೇಕು. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಜ್ಯಾಕ್ ಬರೀ ಎತ್ತುವುದಕ್ಕೆ. ಎತ್ತಿದ ಮೇಲೆ ಭಾರವೆಲ್ಲ ಸ್ಟ್ಯಾಂಡ್ ಮೇಲೆ ಕೂರಬೇಕು. ಸ್ಟ್ಯಾಂಡನ್ನು ಚಾಸಿಗೆ ಕೊಡಿ, ಆಕ್ಸಲ್‌ಗೆ ಬೇಡ, ಯಾಕೆಂದರೆ ಆಕ್ಸಲ್ ಓಲಾಡುತ್ತದೆ. ಮೋವರನ್ನು ಮಗ್ಗುಲಿಗೆ ಮಲಗಿಸಬೇಡಿ. ಪೆಟ್ರೋಲ್ ಸೋರುತ್ತದೆ, ಎಣ್ಣೆ ಏರ್ ಫಿಲ್ಟರ್‌ಗೆ ನುಗ್ಗುತ್ತದೆ, ಆಮೇಲೆ ಅದು ಇನ್ನೊಂದು ಶನಿವಾರದ ಕೆಲಸ.

ಸಾಮಾನು ಜಾಸ್ತಿ ಬೇಡ. ಇಂಚಿನ ಪಾನಾ ಮತ್ತು ಸಾಕೆಟ್ ಸೆಟ್, ಇಕ್ಕಳ, ಎರಡು ಸುತ್ತಿಗೆ, ತುಕ್ಕು ಬಿಡಿಸುವ ಎಣ್ಣೆ, ಗ್ರೀಸ್ ಗನ್, ದಪ್ಪ ಅಳೆಯುವ ವರ್ನಿಯರ್, ಉದ್ದನೆಯ ಒಂದು ದಪ್ಪ ಬೋಲ್ಟ್ ಮತ್ತು ಅದಕ್ಕೆ ದೊಡ್ಡ ವಾಷರ್‌ಗಳು. ಈ ಬೋಲ್ಟ್ ಯಾಕೆ ಅಂತ ಆಮೇಲೆ ಹೇಳುತ್ತೇನೆ. ಕಣ್ಣಿಗೆ ಕನ್ನಡಕ ಕಡ್ಡಾಯ. ಹಿಂದಿನ ರಾತ್ರಿಯೇ ಎಲ್ಲ ನಟ್‌ಗಳಿಗೂ ಎಣ್ಣೆ ಹೊಡೆದಿಡಿ.

ಇನ್ನೊಂದು: ಸೀಟಿನ ಕೆಳಗೋ ಹಿಂದಿನ ಫೆಂಡರ್ ಮೇಲೋ ಮಾಡೆಲ್ ನಂಬರ್ ಇರುವ ಚೀಟಿ ಇರುತ್ತದೆ. ಫೋಟೋ ತೆಗೆದುಕೊಳ್ಳಿ. ನೋಡುವುದಕ್ಕೆ ಒಂದೇ ಥರ ಇರುವ ಎರಡು ಮೋವರ್‌ಗಳ ಸ್ಪಿಂಡಲ್ ಬೇರೆಬೇರೆ ಅಳತೆಯದಾಗಿರಬಹುದು.

ಪ್ಲೇ ಎಲ್ಲಿಂದ ಬರುತ್ತಿದೆ

ಮೊದಲು ಟೈರ್ ಗಾಳಿ ನೋಡಿ. ನಗಬೇಡಿ. ಮುಂದಿನ ಒಂದು ಟೈರ್ ಮೆತ್ತಗಿದ್ದರೆ ಮೋವರ್ ಆ ಕಡೆಗೇ ಎಳೆಯುತ್ತದೆ, ನಾವು ಸ್ಟಿಯರಿಂಗ್ ಬೈಯುತ್ತೇವೆ. ಎಷ್ಟು ಗಾಳಿ ಅಂತ ಮ್ಯಾನುವಲ್‌ನಲ್ಲಿರುತ್ತದೆ. ಟೈರ್ ಮೇಲೆ ಬರೆದಿರುವುದು ಸಾಮಾನ್ಯವಾಗಿ ಗರಿಷ್ಠ ಮಿತಿ, ಅಷ್ಟು ತುಂಬಿಸಲೇಬೇಕು ಅಂತಲ್ಲ. ಎರಡೂ ಕಡೆ ಒಂದೇ ಇರಲಿ.

ಈಗ ಚಕ್ರಗಳು ನೆಲದ ಮೇಲೇ ಇರಲಿ, ಎತ್ತಬೇಡಿ. ಒಬ್ಬರನ್ನು ಸೀಟಿನ ಮೇಲೆ ಕೂರಿಸಿ. ನಮ್ಮನೆಯಲ್ಲಿ ಈ ಕೆಲಸ ಮಗಳದ್ದು. ನಾನು ಟಾರ್ಚ್ ಹಿಡಿದು ಮೋವರ್ ಪಕ್ಕ ಅಂಗಾತ ಮಲಗಿದೆ.

"ಅಪ್ಪಾ, ಪೂರ್ತಿ ತಿರುಗಿಸ್ಲಾ?"

"ಬೇಡ ಪುಟ್ಟಿ. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ. ಗಡಿಯಾರದ ಲೋಲಕದ ಥರ."

ಅವಳು ಹಾಗೆ ಆಡಿಸುತ್ತಿರುವಾಗ ನೀವು ಒಂದೊಂದೇ ಜೋಡಣೆ ನೋಡುತ್ತಾ ಹೋಗಬೇಕು. ಕಣ್ಣಿಗಿಂತ ಬೆರಳು ಮೇಲು. ಡ್ರ್ಯಾಗ್ ಲಿಂಕ್‌ನ ತುದಿಯಲ್ಲಿ, ಸರಳಿನ ಮೇಲೂ ಅದು ಸೇರುವ ತೋಳಿನ ಮೇಲೂ ಒಟ್ಟಿಗೆ ಬೀಳುವ ಹಾಗೆ ಬೆರಳಿಡಿ. ಒಂದು ಅಲುಗಿ ಇನ್ನೊಂದು ಸುಮ್ಮನಿದ್ದರೆ ಆ ವ್ಯತ್ಯಾಸ ಬೆರಳಿಗೆ ಸಿಕ್ಕೇ ಸಿಗುತ್ತದೆ. ಆದರೆ ಗಿಯರ್ ಹಲ್ಲುಗಳ ಹತ್ತಿರ ಮಾತ್ರ ಬೆರಳು ಹಾಕಬೇಡಿ, ಅಲ್ಲಿ ಟಾರ್ಚ್ ಸಾಕು.

ನಾನು ಮೊದಲ ಸಲ ತಪ್ಪಿದ್ದು ಇಲ್ಲೇ. ಗಿಯರ್ ಹಲ್ಲುಗಳನ್ನಷ್ಟೇ ನೋಡಿದೆ, ಶಾಫ್ಟ್ ನೋಡಲಿಲ್ಲ. ಎರಡನೇ ಸಲ ಮಗಳು ಸ್ಟಿಯರಿಂಗ್ ಆಡಿಸಿದಾಗ ಪಿನಿಯನ್ ತಿರುಗುವ ಮೊದಲು ಶಾಫ್ಟಿನ ತುದಿಯೇ ಪಕ್ಕಕ್ಕೆ ಸರಿಯುವುದು ಕಾಣಿಸಿತು. ಒಂದು ಅಕ್ಕಿ ಕಾಳಿನ ದಪ್ಪದಷ್ಟು. ಚಾಸಿಯ ತೂತಿನಲ್ಲಿ ಶಾಫ್ಟ್ ಹಿಡಿಯಬೇಕಿದ್ದ ಪ್ಲಾಸ್ಟಿಕ್ ಬುಷ್ ಒಂದು ಕಡೆ ಪೂರ್ತಿ ಸವೆದು ಅರ್ಧಚಂದ್ರ ಆಗಿತ್ತು. ಪಿನಿಯನ್ ಸೆಕ್ಟರ್‌ನಿಂದ ದೂರ ಸರಿಯುತ್ತಿತ್ತು, ಹಲ್ಲಿನ ತುದಿಗೆ ತುದಿ ಉಜ್ಜುತ್ತಿತ್ತು. ಹಳೆ ಗಿಯರನ್ನು ತಿಂದದ್ದು ಆ ಬುಷ್ಷೇ. ಬದಲಾಯಿಸದೆ ಬಿಟ್ಟಿದ್ದರೆ ಹೊಸ ಗಿಯರನ್ನೂ ತಿನ್ನುತ್ತಿತ್ತು.

ಗಿಯರ್ ಸವೆದಿದೆಯಾ ಅಂತ ತಿಳಿಯಲು ಒಂದು ಸುಲಭ ಉಪಾಯ ಇದೆ. ಚಕ್ರ ನೇರ ಇಟ್ಟು ಪ್ಲೇ ಅಳೆಯಿರಿ. ಆಮೇಲೆ ಪೂರ್ತಿ ಎಡಕ್ಕೆ ತಿರುಗಿಸಿ, ಕೊನೆ ಮುಟ್ಟುವುದಕ್ಕೆ ಸ್ವಲ್ಪ ಮೊದಲು ಮತ್ತೆ ಅಳೆಯಿರಿ. ಬಲಕ್ಕೂ ಹಾಗೇ. ಮೋವರ್ ಹೆಚ್ಚು ಹೊತ್ತು ನೇರವಾಗಿಯೇ ಓಡುತ್ತದಲ್ವಾ, ಹಾಗಾಗಿ ಸೆಕ್ಟರ್‌ನ ನಡುವಿನ ಹಲ್ಲುಗಳೇ ಸವೆಯುತ್ತವೆ. ನೇರ ಇದ್ದಾಗ ಪ್ಲೇ ಜಾಸ್ತಿ, ಕೊನೆಯಲ್ಲಿ ಕಡಿಮೆ ಅಂದರೆ ಗಿಯರ್ ಸವೆದಿದೆ. ಎಲ್ಲ ಕಡೆ ಒಂದೇ ಥರ ಇದ್ದರೆ ಬುಷ್ ಅಥವಾ ಲಿಂಕ್ ಕಡೆ ನೋಡಿ.

ಇನ್ನು ಮುಂಭಾಗ ಎತ್ತಿ ಸ್ಟ್ಯಾಂಡ್ ಕೊಡಿ. ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಒಳಗೆ ಹೊರಗೆ ಆಡಿಸಿ. ಸ್ಪಿಂಡಲ್ ಸುಮ್ಮನಿದ್ದು ಚಕ್ರ ಮಾತ್ರ ಅಲುಗಿದರೆ ಚಕ್ರದ ಬುಷ್ ಹೋಗಿದೆ. ಸ್ಪಿಂಡಲ್ಲೂ ಜೊತೆಗೆ ಅಲುಗಿದರೆ ಆಕ್ಸಲ್‌ನ ಬುಷ್ ಹೋಗಿದೆ. ಆಮೇಲೆ ಆಕ್ಸಲನ್ನೇ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆಯಿರಿ. ಅದು ಮೇಲೆ ಕೆಳಗೆ ಓಲಾಡಬೇಕು, ಹಿಂದೆ ಮುಂದೆ ಅಲ್ಲ. ಸಿಕ್ಕಿದ್ದನ್ನೆಲ್ಲ ಚೀಟಿಯಲ್ಲಿ ಬರೆದಿಡಿ. ಸಾಮಾನು ತರಿಸುವುದು ಆ ಚೀಟಿ ನೋಡಿ.

ಚಕ್ರ ಮತ್ತು ಸ್ಪಿಂಡಲ್ ಬುಷ್

ಚಕ್ರದ ಮಧ್ಯದ ಮುಚ್ಚಳ ತೆಗೆದರೆ ಒಂದು ಇ-ಕ್ಲಿಪ್ಪೋ ಸ್ಪ್ಲಿಟ್ ಪಿನ್ನೋ ಕಾಣುತ್ತದೆ. ಇ-ಕ್ಲಿಪ್ ಆದರೆ ಅದರ ಮೇಲೊಂದು ಬಟ್ಟೆ ಹಿಡಿದು ಸ್ಕ್ರೂ ಡ್ರೈವರ್‌ನಿಂದ ಮೀಟಿ. ಬರಿಗೈಲಿ ಮೀಟಿದರೆ ಟಪ್ ಅಂತ ಹಾರಿ ಗ್ಯಾರೇಜಿನ ಯಾವ ಮೂಲೆ ಸೇರುತ್ತದೋ ದೇವರೇ ಬಲ್ಲ. ವಾಷರ್‌ಗಳು ಯಾವ ಕ್ರಮದಲ್ಲಿವೆ ಅಂತ ಫೋಟೋ ತೆಗೆದುಕೊಂಡು ಚಕ್ರ ಎಳೆಯಿರಿ.

ಚಕ್ರದ ಬುಷ್ ಹೊರಬರಲು ಎದುರು ಬದಿಯಿಂದ ಉದ್ದನೆಯ ಕಂಬಿ ಹಾಕಿ ಸುತ್ತಲೂ ಒಂದೊಂದು ಏಟು ಕೊಡಿ. ಒಂದೇ ಕಡೆ ಹೊಡೆದರೆ ವಾರೆಯಾಗಿ ಕಚ್ಚಿಕೊಳ್ಳುತ್ತದೆ. ಒಳಗಿನ ಹಳೆ ಗ್ರೀಸ್ ಪೂರ್ತಿ ಒರೆಸಿ. ಗ್ರೀಸ್ ಕಪ್ಪಗೆ, ಬೆರಳಲ್ಲಿ ತಿಕ್ಕಿದರೆ ಗರಗರ ಅನ್ನುವ ಹಾಗಿದ್ದರೆ ಅದು ಗ್ರೀಸ್ ಅಲ್ಲ, ಉಪ್ಪುಕಾಗದ. ಇಲ್ಲಿನ ಕೆಂಪು ಮಣ್ಣು ಅದರೊಳಗೆ ಸೇರಿ ಕಬ್ಬಿಣವನ್ನೇ ಸವೆಸಿರುತ್ತದೆ.

ಸ್ಪಿಂಡಲ್ ತೆಗೆಯಲು ಮೊದಲು ಲಿಂಕ್ ಬಿಚ್ಚಿ. ಆಮೇಲೆ ಆಕ್ಸಲ್ ಮೇಲಿನ ಕ್ಲಿಪ್ ಅಥವಾ ಬೋಲ್ಟ್ ತೆಗೆದರೆ ಸ್ಪಿಂಡಲ್ ಕೆಳಕ್ಕೆ ಜಾರುತ್ತದೆ. ಜಾರದಿದ್ದರೆ ಎಣ್ಣೆ ಹೊಡೆದು ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಎಳೆಯಿರಿ. ಹೊರಬಂದ ಮೇಲೆ ವರ್ನಿಯರ್ ಹಿಡಿದು ಎರಡು ಕಡೆ ಅಳೆಯಿರಿ: ಬುಷ್ ಒಳಗೆ ಉಜ್ಜುವ ಜಾಗ, ಎಂದೂ ಉಜ್ಜದ ಜಾಗ. ಸ್ಪಿಂಡಲ್ಲೇ ಸವೆದಿದ್ದರೆ ಬರೀ ಬುಷ್ ಹಾಕಿ ಪ್ರಯೋಜನ ಇಲ್ಲ. ನನ್ನದು ಮುಕ್ಕಾಲು ಇಂಚಿನದು, ಎಲ್ಲ ಕಡೆ ಅಷ್ಟೇ ಇತ್ತು, ಬುಷ್ ಮಾತ್ರ ಸವೆದಿತ್ತು.

ಕೆಲವು ಅಗ್ಗದ ಮೋವರ್‌ಗಳಲ್ಲಿ ಆಕ್ಸಲ್‌ಗೆ ಬುಷ್ಷೇ ಇರುವುದಿಲ್ಲ. ಸ್ಪಿಂಡಲ್ ನೇರವಾಗಿ ಆಕ್ಸಲ್‌ನ ತೂತಿನಲ್ಲಿ ತಿರುಗಿ ತಿರುಗಿ ತೂತು ಮೊಟ್ಟೆಯಾಕಾರ ಆಗಿರುತ್ತದೆ. ಆಗ ತೂತನ್ನು ದೊಡ್ಡದು ಮಾಡಿ ಕಂಚಿನ ಬುಷ್ ಕೂರಿಸಬೇಕು. ಕೈ ಡ್ರಿಲ್‌ನಲ್ಲಿ ಇದನ್ನು ಮಾಡಬೇಡಿ. ಡ್ರಿಲ್ ಮೊಟ್ಟೆಯ ಉದ್ದದ ಕಡೆಗೇ ಓಡುತ್ತದೆ, ತೂತು ವಾರೆಯಾಗುತ್ತದೆ. ಆಕ್ಸಲ್ ಬಿಚ್ಚಿ ಲೇತ್ ಇರುವ ಕಡೆ ಒಯ್ಯಿರಿ. ದಾವಣಗೆರೆಯಲ್ಲಿ ನಮ್ಮ ಮಾವನ ಟ್ರ್ಯಾಕ್ಟರ್‌ಗೆ ಮುಂದಿನ ಚಕ್ರ ತಿರುಗುವ ಕಿಂಗ್ ಪಿನ್‌ನ ಬುಷ್ ಹಾಕಿಸುವಾಗ ಲೇತಿನವರು ಅಳತೆ ನೋಡಿ ಗನ್‌ಮೆಟಲ್‌ನಲ್ಲಿ ಬುಷ್ ಕಡೆದು, ಟೀ ಕುಡಿದು ಬರುವಷ್ಟರಲ್ಲಿ ಕೈಗೆ ಕೊಟ್ಟಿದ್ದರು. ಇಲ್ಲಿ ಅಂಥವರು ಕಡಿಮೆ. ಇದ್ದರೂ ಗಂಟೆ ಲೆಕ್ಕದ ಕೂಲಿ ಕೇಳಿದರೆ ಹೊಸ ಆಕ್ಸಲ್ಲೇ ವಾಸಿ ಅನ್ನಿಸಬಹುದು. ಎರಡೂ ಬೆಲೆ ವಿಚಾರಿಸಿ.

ಬುಷ್ ಕೂರಿಸುವುದಕ್ಕೇ ಆ ಉದ್ದನೆಯ ಬೋಲ್ಟ್. ಸುತ್ತಿಗೆಯಿಂದ ಹೊಡೆದರೆ ಕಂಚಿನ ಬುಷ್‌ನ ಅಂಚು ಅಗಲವಾಗಿ ಸ್ಪಿಂಡಲ್ ಒಳಗೆ ಹೋಗುವುದೇ ಇಲ್ಲ. ಅದರ ಬದಲು ಬುಷ್ಷನ್ನು ತೂತಿನ ಬಾಯಿಗೆ ಇಡಿ, ಎರಡೂ ಕಡೆ ದೊಡ್ಡ ವಾಷರ್ ಇಟ್ಟು ಬೋಲ್ಟ್ ತೂರಿಸಿ, ನಟ್ ನಿಧಾನ ಬಿಗಿ ಮಾಡುತ್ತಾ ಬನ್ನಿ. ಬುಷ್ ತಾನಾಗಿ ನೇರ ಒಳಗೆ ಸರಿಯುತ್ತದೆ. ಮೊದಲ ಕಾಲು ಇಂಚು ಹೋಗುವಾಗ ನಾಲ್ಕೂ ಕಡೆಯಿಂದ ನೋಡಿ. ವಾರೆ ಅನ್ನಿಸಿದರೆ ಬಿಚ್ಚಿ ಮತ್ತೆ ಶುರು ಮಾಡಿ. ರಂಧ್ರಗಳಲ್ಲಿ ಎಣ್ಣೆ ಹಿಡಿದಿಡುವ ಕಂಚಿನ ಬುಷ್ ಆದರೆ ಹಿಂದಿನ ರಾತ್ರಿ ಎಂಜಿನ್ ಆಯಿಲ್‌ನಲ್ಲಿ ಮುಳುಗಿಸಿಟ್ಟಿರಿ.

ಎಲ್ಲ ಜೋಡಿಸಿದ ಮೇಲೆ, ಚಕ್ರ ಇನ್ನೂ ಗಾಳಿಯಲ್ಲಿರುವಾಗಲೇ ಗ್ರೀಸ್ ತುಂಬುವ ಪುಟ್ಟ ಮೂತಿಗೆ, ಅಂದರೆ ನಿಪ್ಪಲ್‌ಗೆ, ಗ್ರೀಸ್ ಹೊಡೆಯಿರಿ. ನೆಲಕ್ಕಿಳಿಸಿ ಹೊಡೆದರೆ ಭಾರ ಬೀಳುವ ಜಾಗಕ್ಕೆ ಗ್ರೀಸ್ ಹೋಗುವುದೇ ಇಲ್ಲ.

ಲಿಂಕ್‌ಗಳು, ಮಧ್ಯದ ಪಿನ್

ಲಿಂಕ್‌ನ ತುದಿಯಲ್ಲಿ ಬಾಲ್ ಜಾಯಿಂಟ್, ಅಂದರೆ ಗುಂಡಿನ ಮೇಲೆ ತಿರುಗುವ ಕೀಲು, ಇದ್ದು ಅದು ಸವೆದಿದ್ದರೆ ರಿಪೇರಿ ಇಲ್ಲ, ಹೊಸದೇ ಹಾಕಬೇಕು. ನಟ್ ತೆಗೆದರೂ ಜಾಯಿಂಟ್ ಬಿಡದಿದ್ದರೆ ಬೋಲ್ಟಿನ ತುದಿಗೆ ಹೊಡೆಯಬೇಡಿ, ಥ್ರೆಡ್ ಹಾಳಾಗುತ್ತದೆ. ತೋಳಿನ ಒಂದು ಪಕ್ಕಕ್ಕೆ ಒಂದು ಸುತ್ತಿಗೆ ಒತ್ತಿ ಹಿಡಿದು, ಇನ್ನೊಂದು ಪಕ್ಕಕ್ಕೆ ಇನ್ನೊಂದು ಸುತ್ತಿಗೆಯಿಂದ ಗಟ್ಟಿಯಾಗಿ ಒಂದೇಟು ಕೊಡಿ, ಬಿಡುತ್ತದೆ. ಹೊಂದಿಸುವ ಥ್ರೆಡ್ ಇದ್ದರೆ ಹಳೆಯದನ್ನು ಎಷ್ಟು ಸುತ್ತು ಬಿಚ್ಚಿದಿರಿ ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿ.

ತುದಿ ಬಗ್ಗಿಸಿದ ಬರೀ ಸರಳು ತೂತಿನೊಳಗೆ ಕೂತಿರುವ ಮಾದರಿಯಲ್ಲಿ ಸರಳಿನ ಜೊತೆ ತೂತೂ ಸವೆದಿರುತ್ತದೆ. ಹೊಸ ಸರಳು ಹಾಕಿದರೂ ಅರ್ಧ ಪ್ಲೇ ಉಳಿಯುತ್ತದೆ. ತೂತನ್ನು ವೆಲ್ಡ್ ತುಂಬಿ ಮತ್ತೆ ಕೊರೆಸಬಹುದು. ವೆಲ್ಡ್ ಮಾಡುವಾಗ ಆ ಭಾಗ ಮೋವರ್‌ನಿಂದ ಹೊರಗಿರಲಿ, ಪೆಟ್ರೋಲ್ ಟ್ಯಾಂಕ್ ಪಕ್ಕ ಕಿಡಿ ಬೇಡ.

ಮಧ್ಯದ ಪಿನ್ ಸವೆದಿದ್ದರೆ ಬೋಲ್ಟ್ ಬದಲಿಸಿ. ಆಕ್ಸಲ್ ಹಿಂದೆ ಮುಂದೆ ಜಾರುವ ಸಂದಿಗೆ ತೆಳು ವಾಷರ್ ಸೇರಿಸಿ. ಆಕ್ಸಲ್ ಕೈಯಲ್ಲಿ ಒತ್ತಿದರೆ ಓಲಾಡಬೇಕು, ಅಷ್ಟು ಸಡಿಲ ಇರಲಿ.

ಶಾಫ್ಟ್ ಬುಷ್ ಮತ್ತು ಗಿಯರ್

ಇದು ಮೈ ಬಗ್ಗಿಸುವ ಕೆಲಸ. ಹುಲ್ಲು ಕತ್ತರಿಸುವ ಡೆಕ್ ಕೆಳಗಿಳಿಸಿ ಹೊರಗೆಳೆದುಬಿಡಿ. ಹತ್ತು ನಿಮಿಷ ಹೋಗುತ್ತದೆ, ಆದರೆ ಕೈ ಆಡಿಸಲು ಜಾಗ ಸಿಗುತ್ತದೆ.

ಚಕ್ರ ನೇರ ಇಡಿ. ಪಿನಿಯನ್‌ನ ಒಂದು ಹಲ್ಲಿಗೂ ಅದು ಕೂತ ಸೆಕ್ಟರ್ ಸಂದಿಗೂ ಬಣ್ಣದ ಗುರುತು ಹಾಕಿ. ಸ್ಟಿಯರಿಂಗ್ ವೀಲ್‌ನ ಮಧ್ಯದ ಮುಚ್ಚಳ ತೆಗೆದು ಬೋಲ್ಟ್ ಬಿಚ್ಚಿ. ವೀಲ್ ಶಾಫ್ಟಿಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಎಣ್ಣೆ ಬಿಟ್ಟು, ಒಂದು ಗಂಟೆ ಕಾದು, ಎಡಬಲಕ್ಕೆ ಆಡಿಸುತ್ತಾ ಮೇಲಕ್ಕೆಳೆಯಿರಿ. ಕೆಳಗಿನಿಂದ ಸುತ್ತಿಗೆ ಏಟು ಬೇಡ, ಹಳೆ ಪ್ಲಾಸ್ಟಿಕ್ ವೀಲ್ ಸೀಳುತ್ತದೆ. ಆಮೇಲೆ ಕೆಳಗೆ ಸೆಕ್ಟರ್‌ನ ಬೋಲ್ಟ್ ಬಿಚ್ಚಿ, ಲಿಂಕ್ ಕಳಚಿ, ಸೆಕ್ಟರ್ ತೆಗೆಯಿರಿ. ಕೊನೆಗೆ ಶಾಫ್ಟ್.

ನನ್ನ ಹಳೆ ಸೆಕ್ಟರನ್ನು ಒರೆಸಿ ಬೆಳಕಿಗೆ ಹಿಡಿದಾಗ ನಡುವಿನ ನಾಲ್ಕು ಹಲ್ಲುಗಳು ಗರಗಸದ ಹಲ್ಲಿನಷ್ಟು ಚೂಪಾಗಿದ್ದವು. ಎರಡೂ ಅಂಚಿನ ಹಲ್ಲುಗಳು ಕಾರ್ಖಾನೆಯಿಂದ ಬಂದಾಗ ಹೇಗಿದ್ದವೋ ಹಾಗೇ, ತಲೆ ಚಪ್ಪಟೆ, ಮೂಲೆ ಗಟ್ಟಿ. ಹೀಗಾಗಿದ್ದರೆ ಸೆಕ್ಟರ್ ಮತ್ತು ಪಿನಿಯನ್ ಎರಡನ್ನೂ ಒಟ್ಟಿಗೆ ಬದಲಿಸಿ. ಹೊಸದಕ್ಕೆ ಹಳೆಯದನ್ನು ಜೋಡಿಸಿದರೆ ಹೊಸದು ಬೇಗ ಹಾಳಾಗುತ್ತದೆ. ಪಿನಿಯನ್‌ಗೆ ಸುತ್ತಲೂ ಹಲ್ಲಿದ್ದು ಅರ್ಧ ಸುತ್ತು ಮಾತ್ರ ಸವೆದಿದ್ದರೆ, ಅದನ್ನು ತಿರುಗಿಸಿ ಸವೆಯದ ಹಲ್ಲುಗಳು ನಡುವೆ ಬರುವ ಹಾಗೆ ಕೂರಿಸಬಹುದು. ಇದು ಒಂದೆರಡು ಸೀಸನ್ ತಳ್ಳುವ ಉಪಾಯ, ಅಷ್ಟೇ.

ಕೆಲವರು ಸೆಕ್ಟರ್ ಕೆಳಗೆ ಒಂದು ವಾಷರ್ ಹೆಚ್ಚಿಗೆ ಹಾಕಿ ಹಲ್ಲುಗಳನ್ನು ಹತ್ತಿರ ತರುತ್ತಾರೆ. ಸ್ವಲ್ಪ ಸವೆತಕ್ಕೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಸವೆದ ನಡುವಿನ ಹಲ್ಲಿಗೆ ಸರಿಯಾಗುವ ಹಾಗೆ ಬಿಗಿ ಮಾಡಿದರೆ, ಸವೆಯದ ಅಂಚಿನ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ತಿರುವಿನಲ್ಲಿ ಸ್ಟಿಯರಿಂಗ್ ಸಿಕ್ಕಿಕೊಂಡು ನಿಂತರೆ ಪ್ಲೇಗಿಂತ ಅದೇ ದೊಡ್ಡ ಅಪಾಯ. ವಾಷರ್ ಹಾಕಿದ ಮೇಲೆ ಎರಡೂ ಕೊನೆವರೆಗೆ ತಿರುಗಿಸಿ ನೋಡಲೇಬೇಕು.

ಶಾಫ್ಟಿನ ಕೆಳಗಿನ ಬುಷ್ ಹೇಗೂ ಹೊಸದು ಹಾಕಿ, ಡ್ಯಾಶ್ ಹತ್ತಿರ ಮೇಲಿನದು ಇದ್ದರೆ ಅದನ್ನೂ. ನನಗೆ ಎರಡಕ್ಕೂ ಸೇರಿ ಇಪ್ಪತ್ತು ಡಾಲರ್ ಕೂಡ ಆಗಲಿಲ್ಲ. ಮೊದಲೇ ತರಿಸಿದ್ದ ಗಿಯರ್‌ನ ಬೆಲೆ ಅದರ ಎಷ್ಟೋ ಪಟ್ಟು. ಚಾಸಿಯ ತೂತೇ ಅಗಲ ಆಗಿದ್ದರೆ ದಪ್ಪ ತಗಡಿನ ತುಂಡೊಂದರಲ್ಲಿ ಸರಿಯಾದ ತೂತು ಕೊರೆದು, ಬುಷ್ ಕೂರಿಸಿ, ಚಾಸಿಗೆ ಬೋಲ್ಟ್ ಹಾಕಿ.

ಹಲ್ಲುಗಳಿಗೆ ಗ್ರೀಸ್ ಬಳಿಯುವುದೋ ಬೇಡವೋ ಎಂಬ ಜಗಳ ಮುಗಿಯುವಂಥದ್ದಲ್ಲ. ಮ್ಯಾನುವಲ್ ಏನು ಹೇಳುತ್ತದೋ ಅದು. ಏನೂ ಹೇಳದಿದ್ದರೆ ತೆಳ್ಳಗೆ ಸವರಿ ಹೆಚ್ಚಾದದ್ದನ್ನು ಒರೆಸಿ, ವರ್ಷಕ್ಕೊಮ್ಮೆ ಪೂರ್ತಿ ತೊಳೆದು ಮತ್ತೆ ಸವರಿ. ಬಯಲು ಗಿಯರ್ ಅದು, ಮುದ್ದೆ ಗ್ರೀಸ್ ಮೆತ್ತಿದರೆ ಧೂಳು, ಹುಲ್ಲು ಎಲ್ಲ ಅಂಟುತ್ತದೆ.

ಜೋಡಿಸುವಾಗ ಸೆಕ್ಟರ್‌ನ ನಡುಹಲ್ಲು ಪಿನಿಯನ್ ಎದುರಿಗೆ, ಚಕ್ರ ನೇರ. ಸ್ಟಿಯರಿಂಗ್ ವೀಲ್ ಕೊನೆಗೆ ನೇರ ಕೂರಿಸಿ. ಬಿಚ್ಚಿದ ಸ್ಪ್ಲಿಟ್ ಪಿನ್, ಲಾಕ್ ನಟ್ ಹಳೆಯದನ್ನೇ ಮತ್ತೆ ಹಾಕಬೇಡಿ.

ಚಕ್ರಗಳ ನೇರ, ಕೊನೆಯ ಓಟ

ಟೈ ರಾಡ್‌ಗೆ ಹೊಂದಿಸುವ ಥ್ರೆಡ್ ಇದ್ದರೆ ಮಾತ್ರ ಈ ಕೆಲಸ. ಮೋವರನ್ನು ನೆಲಕ್ಕಿಳಿಸಿ. ಎರಡೂ ಮುಂದಿನ ಟೈರ್‌ಗಳ ಮುಂಭಾಗದಲ್ಲಿ, ಚಕ್ರದ ಮಧ್ಯದ ಎತ್ತರಕ್ಕೆ, ಟೈರ್‌ನ ನಡುಗೆರೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಗುರುತಿನಿಂದ ಗುರುತಿಗೆ ಅಳೆಯಿರಿ. ಮೋವರನ್ನು ಮುಂದಕ್ಕೆ ತಳ್ಳಿ, ಅದೇ ಗುರುತುಗಳು ಹಿಂಭಾಗಕ್ಕೆ ಬಂದಾಗ ಮತ್ತೆ ಅಳೆಯಿರಿ. ಎಣ್ಣೆಯ ಒತ್ತಡದಿಂದ ಓಡುವ ಹೈಡ್ರೋಸ್ಟಾಟಿಕ್ ಮೋವರ್ ಆದರೆ ತಳ್ಳುವ ಮೊದಲು, ಚಕ್ರಗಳನ್ನು ಸಡಿಲ ಬಿಡುವ ಬೈಪಾಸ್ ಲಿವರ್ ಎಳೆಯಬೇಕು. ಮುಂದಿನ ಅಳತೆ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ಮ್ಯಾನುವಲ್ ಸಿಗದಿದ್ದರೆ 3ರಿಂದ 6 ಮಿ.ಮೀ. ವ್ಯತ್ಯಾಸ ಇಟ್ಟುಕೊಳ್ಳಿ.

ಡೆಕ್ ಮತ್ತೆ ಹಾಕಿ, ಎರಡೂ ಬದಿಗೆ ಪೂರ್ತಿ ತಿರುಗಿಸಿ ಟೈರ್ ಡೆಕ್‌ಗೆ ತಾಗುತ್ತಿಲ್ಲ ಅಂತ ನೋಡಿ. ಬ್ಯಾಟರಿ, ಪ್ಲಗ್ ವಯರ್ ಜೋಡಿಸಿ. ಬ್ಲೇಡ್ ಆನ್ ಮಾಡದೆ, ಕಡಿಮೆ ವೇಗದಲ್ಲಿ, ಸಮತಟ್ಟು ಜಾಗದಲ್ಲಿ ಎಂಟರ ಆಕಾರದಲ್ಲಿ ನಾಲ್ಕು ಸುತ್ತು ಓಡಿಸಿ. ಇಳಿಜಾರಿಗೆ ಆಮೇಲೆ ಹೋಗಿ. ಅಲ್ಲೂ 15 ಡಿಗ್ರಿಗಿಂತ ಕಡಿದಾದ ಕಡೆ ಬೇಡ, ಹೆಚ್ಚಿನ ಮ್ಯಾನುವಲ್‌ಗಳು ಹೇಳುವ ಮಿತಿ ಅದು.

ನನ್ನದರಲ್ಲಿ ನಾಲ್ಕು ಇಂಚಿನ ಪ್ಲೇ ಈಗ ಮುಕ್ಕಾಲು ಇಂಚಿಗೆ ನಿಂತಿದೆ. ಹೊಸ ಮೋವರ್‌ನಲ್ಲೂ ಒಂಚೂರು ಇರುತ್ತದೆ, ಸೊನ್ನೆ ಮಾಡಲು ಹೋಗಬೇಡಿ. ಐದು ಗಂಟೆ ಓಡಿಸಿದ ಮೇಲೆ ಮತ್ತೊಮ್ಮೆ ಕೆಳಗೆ ಬಗ್ಗಿ ಎಲ್ಲ ನಟ್‌ಗೂ ಪಾನಾ ಹಾಕಿ ನೋಡಿ. ನನಗೆ ಸೆಕ್ಟರ್ ಬೋಲ್ಟ್ ಕಾಲು ಸುತ್ತು ಸಡಿಲ ಸಿಕ್ಕಿತು.